ಪತ್ರೊಡೆ

ಪತ್ರೊಡೆಯು ಕೆಸುವಿನ ಎಲೆಗಳಿಗೆ ಅಕ್ಕಿ ಮತ್ತು ಮಸಾಲೆಯ ಹಿಟ್ಟನ್ನು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ ತಯಾರಿಸುವ ಒಂದು ಸಾಂಪ್ರದಾಯಿಕ ಖಾದ್ಯ. ಬೆಂದ ಸುರುಳಿಯನ್ನು ಬಿಲ್ಲೆಗಳಾಗಿ ಕತ್ತರಿಸಿ ತೆಂಗಿನೆಣ್ಣೆಯಲ್ಲಿ ಕಾಯಿಸಿ ತಿನ್ನುವ ರೂಢಿ ಹೆಚ್ಚು ಪ್ರಚಲಿತವಾಗಿದೆ. ಕರ್ನಾಟಕದ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ, ಮಲೆನಾಡಿನಲ್ಲಿ ಹಾಗೂ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಇದು ಮಳೆಗಾಲದ ಮುಖ್ಯ ತಿನಿಸು. ನೇತ್ರಾವತಿ ನದಿಯ ದಡದ ಪಾಣೆಮಂಗಳೂರು, ಬಂಟ್ವಾಳ ಹಾಗೂ ಸಮೀಪದ ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮತ್ತು ಹವ್ಯಕ ಕನ್ನಡ ಮಾತನಾಡುವ ಕುಟುಂಬಗಳು ಇದನ್ನು ತಮ್ಮ ತಮ್ಮ ರೀತಿಯಲ್ಲಿ ತಯಾರಿಸುತ್ತವೆ.

ಕೆಸುವಿನ ಹಸಿ ಎಲೆ ಬಾಯಿ ಮತ್ತು ಗಂಟಲಿನಲ್ಲಿ ತೀವ್ರ ತುರಿಕೆಯನ್ನು ಉಂಟುಮಾಡುತ್ತದೆ. ಪತ್ರೊಡೆ ತಯಾರಿಕೆಯ ಬಹುತೇಕ ಕ್ರಮಗಳು ಈ ತುರಿಕೆಯನ್ನು ನಿವಾರಿಸುವ ಸಲುವಾಗಿಯೇ ರೂಪುಗೊಂಡಿವೆ.

ಹೆಸರು

'ಪತ್ರ' ಎಂದರೆ ಎಲೆ. ಅದರೊಡನೆ 'ವಡೆ' ಎಂಬ ಪದ ಸೇರಿ 'ಪತ್ರೊಡೆ' ಆಗಿದೆ. ತುಳು ಮತ್ತು ಕನ್ನಡದಲ್ಲಿ ಪತ್ರೊಡೆ ಎಂದೂ ಕೊಂಕಣಿಯಲ್ಲಿ ಪತ್ರೊಡೊ ಎಂದೂ ಕರೆಯುತ್ತಾರೆ. ಕೆಸುವಿಗೆ ತುಳುವಿನಲ್ಲಿ ತೇವು ಅಥವಾ ಚೇವು ಎಂಬ ಹೆಸರಿದೆ.

ಎಲೆಯ ಆಯ್ಕೆ

ಕೆಸುವಿನ ಸಸ್ಯಶಾಸ್ತ್ರೀಯ ಹೆಸರು ಕೊಲೊಕೇಸಿಯಾ ಎಸ್ಕುಲೆಂಟಾ. ಇದು ಅರೇಸಿ ಕುಟುಂಬಕ್ಕೆ ಸೇರಿದ್ದು, ಸುವರ್ಣಗಡ್ಡೆಯೂ ಇದೇ ಕುಟುಂಬದ್ದು. ತೋಡಿನ ಬದಿ, ಬಾವಿಕಟ್ಟೆಯ ಸುತ್ತ, ಅಡಿಕೆ ತೋಟದ ತಂಪಿನಲ್ಲಿ ಕೆಸು ತಾನಾಗಿಯೇ ಬೆಳೆಯುತ್ತದೆ. ಹೃದಯದ ಆಕಾರದ ಇದರ ಎಲೆಯ ಮೇಲೆ ಮೇಣದಂತಹ ಪದರವಿರುವುದರಿಂದ ಮಳೆನೀರು ಅಂಟದೆ ಮಣಿಯಂತೆ ಉರುಳಿ ಹೋಗುತ್ತದೆ.

ಎಲ್ಲ ಕೆಸುವೂ ಪತ್ರೊಡೆಗೆ ಸಲ್ಲದು. ದಂಟು ಕಪ್ಪು ಅಥವಾ ನೇರಳೆ ಬಣ್ಣವಿರುವ ಕರಿಕೆಸುವಿಗೆ ಹೆಚ್ಚಿನ ಬೇಡಿಕೆಯಿದೆ. ಮಳೆಗಾಲದಲ್ಲಿ ಮರಗಳ ಕಾಂಡ ಮತ್ತು ಕವಲುಗಳಲ್ಲಿ ಚಿಗುರುವ ಮರಕೆಸುವಿನ ಪತ್ರೊಡೆ ಅತ್ಯಂತ ರುಚಿಕರವೆಂಬುದು ಕರಾವಳಿ ಮತ್ತು ಮಲೆನಾಡಿನವರ ಅಭಿಪ್ರಾಯ. ಮರಕೆಸುವಿನ ಸಸ್ಯಶಾಸ್ತ್ರೀಯ ಹೆಸರು ರೆಮುಸೇಷಿಯಾ ವಿವಿಪಾರಾ. ಕಾಡುಕೆಸುವಿನ ಕೆಲವು ಬಗೆಗಳು ಎಷ್ಟು ಬೇಯಿಸಿದರೂ ತುರಿಸುತ್ತವೆ. ಆದ್ದರಿಂದ ಯಾವ ಗಿಡದ ಎಲೆ ತಿನ್ನಬಹುದು, ಯಾವುದು ಕೂಡದು ಎಂಬ ತಿಳಿವಳಿಕೆ ಮನೆಯ ಹಿರಿಯರಿಂದ ಕಿರಿಯರಿಗೆ ಗಿಡವನ್ನು ತೋರಿಸಿಯೇ ಬರುತ್ತದೆ. ಗುರುತಿಲ್ಲದ ಗಿಡದ ಎಲೆಯನ್ನು ಬಳಸಬಾರದು.

ಕಾಲ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಇದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಅವಧಿ ತುಳು ಪಂಚಾಂಗದ ಆಟಿ ತಿಂಗಳು. ಹಿಂದೆ ಇದು ಬಡತನದ ತಿಂಗಳಾಗಿತ್ತು. ಗದ್ದೆಯ ನಾಟಿ ಮುಗಿದು ಕೂಲಿ ಕೆಲಸ ಇರುತ್ತಿರಲಿಲ್ಲ. ಹಿಂದಿನ ಬೆಳೆಯ ಅಕ್ಕಿ ತಳ ಕಂಡಿರುತ್ತಿತ್ತು. ಹೊಸ ಪೈರು ಕೊಯ್ಲಿಗೆ ಬಂದಿರುತ್ತಿರಲಿಲ್ಲ. ಅಂತಹ ದಿನಗಳಲ್ಲಿ ಜನರು ತಗಟೆ ಸೊಪ್ಪು (ತುಳುವಿನಲ್ಲಿ ತಜಂಕ್), ಕಳಲೆ (ಕಣಿಲೆ), ಹಲಸಿನ ಬೀಜ ಮತ್ತು ಕೆಸುವಿನ ಎಲೆಗಳನ್ನು ಅವಲಂಬಿಸಿದ್ದರು. ಸ್ವಲ್ಪ ಅಕ್ಕಿಗೆ ಬಹಳಷ್ಟು ಎಲೆ ಸೇರಿಸಿ ಹಲವರ ಹಸಿವನ್ನು ತಣಿಸಬಹುದಾದ ಖಾದ್ಯ ಪತ್ರೊಡೆ.

ಇಂದು ಆ ಕೊರತೆ ಇಲ್ಲವಾದರೂ ಖಾದ್ಯ ಉಳಿದಿದೆ. ಸಂಘ ಸಂಸ್ಥೆಗಳು ನಡೆಸುವ 'ಆಟಿಡೊಂಜಿ ದಿನ' ಕಾರ್ಯಕ್ರಮಗಳ ಊಟದಲ್ಲಿ ಪತ್ರೊಡೆಗೆ ಸ್ಥಾನವಿದೆ. ಗೌಡ ಸಾರಸ್ವತರ ಮನೆಗಳಲ್ಲಿ ಶ್ರಾವಣ ಮಾಸದ ಹಬ್ಬದ ದಿನಗಳಲ್ಲಿಯೂ ಇದನ್ನು ಮಾಡುತ್ತಾರೆ.

ಬೇಕಾಗುವ ಸಾಮಗ್ರಿಗಳು

ಅಳತೆಯು ಮನೆಯಿಂದ ಮನೆಗೆ ಬದಲಾಗುತ್ತದೆ. ಸಾಮಾನ್ಯ ಪ್ರಮಾಣ ಹೀಗಿದೆ:

- ಕೆಸುವಿನ ಎಲೆ: 15ರಿಂದ 20
- ಬೆಳ್ತಿಗೆ ಅಕ್ಕಿ: 2 ಲೋಟ
- ತೆಂಗಿನಕಾಯಿ ತುರಿ: 1 ಲೋಟ
- ಒಣಮೆಣಸು: 10ರಿಂದ 12
- ಕೊತ್ತಂಬರಿ ಬೀಜ: 2 ದೊಡ್ಡ ಚಮಚ
- ಜೀರಿಗೆ: 1 ಸಣ್ಣ ಚಮಚ
- ಅರಸಿನ ಪುಡಿ: ಅರ್ಧ ಸಣ್ಣ ಚಮಚ
- ಹುಣಸೆಹಣ್ಣು: ದೊಡ್ಡ ಲಿಂಬೆಹಣ್ಣಿನ ಗಾತ್ರ
- ಬೆಲ್ಲ: ಸಣ್ಣ ತುಂಡು
- ಉಪ್ಪು: ರುಚಿಗೆ ತಕ್ಕಷ್ಟು

ಕೊಂಕಣಿಗರು ಅಕ್ಕಿಯೊಡನೆ ತೊಗರಿಬೇಳೆಯನ್ನು ಸೇರಿಸಿ, ಕೊತ್ತಂಬರಿ ಮತ್ತು ಜೀರಿಗೆಯ ಬದಲು ಇಂಗು ಹಾಕುವುದುಂಟು. ಕೆಲವರು ಕುಚ್ಚಲಕ್ಕಿಯನ್ನು ಬಳಸುತ್ತಾರೆ.

ತಯಾರಿಸುವ ವಿಧಾನ

ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿಡಬೇಕು. ತೆಂಗಿನ ತುರಿ, ಮಸಾಲೆ, ಹುಣಸೆಹಣ್ಣು, ಬೆಲ್ಲ ಮತ್ತು ಉಪ್ಪನ್ನು ನುಣ್ಣಗೆ ರುಬ್ಬಿ, ಅನಂತರ ಅಕ್ಕಿಯನ್ನು ಹಾಕಿ ಸಣ್ಣ ರವೆಯಂತೆ ತರಿಯಾಗುವವರೆಗೆ ರುಬ್ಬಬೇಕು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿರಬೇಕು. ತೆಳುವಾದರೆ ಸುರುಳಿಯಿಂದ ಹೊರಗೆ ಹರಿಯುತ್ತದೆ.

ಎಲೆಗಳನ್ನು ತೊಳೆದು ಒರೆಸಿ, ತೊಟ್ಟನ್ನು ತೆಗೆದು, ಹಿಂಬದಿಯ ದಪ್ಪ ನರಗಳನ್ನು ಚೂರಿಯಿಂದ ಹೆರೆಯಬೇಕು. ನರ ಹಾಗೆಯೇ ಉಳಿದರೆ ಸುತ್ತುವಾಗ ಎಲೆ ಹರಿಯುತ್ತದೆ. ಎಲೆ ಹೆರೆಯುವವರು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದು ವಾಡಿಕೆ.

ಎಲ್ಲಕ್ಕಿಂತ ದೊಡ್ಡ ಎಲೆಯನ್ನು ಹಿಂಬದಿ ಮೇಲಾಗುವಂತೆ ಹಾಸಿ, ಹಿಟ್ಟನ್ನು ತೆಳುವಾಗಿ ಸವರಬೇಕು. ಅದರ ಮೇಲೆ ಎರಡನೆಯ ಎಲೆಯನ್ನು ತುದಿ ವಿರುದ್ಧ ದಿಕ್ಕಿಗೆ ಬರುವಂತೆ ಇಟ್ಟು ಮತ್ತೆ ಹಿಟ್ಟು ಸವರಬೇಕು. ಹೀಗೆ ನಾಲ್ಕೈದು ಎಲೆಗಳಾದ ಮೇಲೆ ಎರಡೂ ಬದಿಗಳನ್ನು ಒಳಗೆ ಮಡಚಿ, ಮಡಿಕೆಯ ಮೇಲೂ ಹಿಟ್ಟು ಸವರಿ, ಚಾಪೆ ಸುತ್ತುವಂತೆ ಬಿಗಿಯಾಗಿ ಸುತ್ತಬೇಕು. ಸುರುಳಿ ಬಿಚ್ಚದಂತೆ ಬಾಳೆನಾರಿನಿಂದ ಅಥವಾ ನೂಲಿನಿಂದ ಕಟ್ಟುವುದುಂಟು.

ಸುರುಳಿಗಳನ್ನು ಹಬೆಪಾತ್ರೆಯಲ್ಲಿಟ್ಟು 45 ನಿಮಿಷದಿಂದ ಒಂದು ಗಂಟೆಯವರೆಗೆ ಬೇಯಿಸಬೇಕು. ಈ ಪಾತ್ರೆಯನ್ನು ಕರಾವಳಿಯಲ್ಲಿ ತೊಂದೂರು ಎನ್ನುತ್ತಾರೆ. ಬೆಂದ ಸುರುಳಿ ಪೂರ್ಣವಾಗಿ ತಣಿದ ಬಳಿಕವೇ ಕತ್ತರಿಸಬೇಕು. ಬಿಸಿಯಿರುವಾಗ ಕತ್ತರಿಸಿದರೆ ಪದರಗಳು ಬಿಡುತ್ತವೆ. ಅರ್ಧ ಅಂಗುಲ ದಪ್ಪದ ಬಿಲ್ಲೆಗಳನ್ನು ಕಾವಲಿಯ ಮೇಲೆ ತೆಂಗಿನೆಣ್ಣೆ ಹಾಕಿ ಎರಡೂ ಬದಿ ಕೆಂಪಗಾಗುವಂತೆ ಕಾಯಿಸಬೇಕು. ಗರಿಗರಿಯಾಗಬೇಕೆನ್ನುವವರು ಬಿಲ್ಲೆಗಳನ್ನು ರವೆಯಲ್ಲಿ ಹೊರಳಿಸುತ್ತಾರೆ.

ಬಗೆಗಳು

- ಕಾಯಿಸಿದ ಪತ್ರೊಡೆ: ಮೇಲೆ ಹೇಳಿದಂತೆ ಎಣ್ಣೆಯಲ್ಲಿ ಕಾಯಿಸಿದ ಬಿಲ್ಲೆಗಳು. ಊಟದ ಜೊತೆಗೆ ಅಥವಾ ಸಂಜೆಯ ಚಹಾದೊಡನೆ ತಿನ್ನುತ್ತಾರೆ.
- ಬಿಸಿ ಪತ್ರೊಡೆ: ಹಬೆಯಿಂದ ಇಳಿಸಿದ ಸುರುಳಿಗೆ ಹಸಿ ತೆಂಗಿನೆಣ್ಣೆ ಹಾಕಿಕೊಂಡು ತಿನ್ನುವುದು. ಕೊಂಕಣಿಗರ ಮನೆಗಳಲ್ಲಿ ದಾಳಿತೊವೆ ಮತ್ತು ಅನ್ನದೊಡನೆ ಬಡಿಸುತ್ತಾರೆ.
- ಪುಡಿ ಪತ್ರೊಡೆ: ಸುರುಳಿಯನ್ನು ಪುಡಿಮಾಡಿ ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆಯಲ್ಲಿ ಬೆಲ್ಲ ಮತ್ತು ತೆಂಗಿನ ತುರಿ ಸೇರಿಸಿ ಹುರಿಯುವುದು. ಮರುದಿನದ ಬೆಳಗಿನ ತಿಂಡಿಗೆ ಇದು ಅನುಕೂಲ.
- ಪತ್ರೊಡೆ ಗಸಿ: ಬಿಲ್ಲೆಗಳನ್ನು ತೆಂಗಿನಕಾಯಿಯ ಮಸಾಲೆಯಲ್ಲಿ ಕುದಿಸುವುದು.
- ಕೊಚ್ಚಿದ ಎಲೆಯ ಪತ್ರೊಡೆ: ಎಲೆಗಳನ್ನು ಸಣ್ಣಗೆ ಹೆಚ್ಚಿ ಹಿಟ್ಟಿನೊಡನೆ ಕಲಸಿ, ಬಾಳೆ ಎಲೆಯಲ್ಲಿ ಮಡಚಿ ಬೇಯಿಸುವುದು. ಹವ್ಯಕರಲ್ಲಿ ಈ ಕ್ರಮವೂ ಇದೆ. ಎಲೆಗಳು ಸಣ್ಣದಾಗಿದ್ದಾಗ ಅಥವಾ ಹರಿದಿದ್ದಾಗ ಇದೇ ಉಪಾಯ.

ತುರಿಕೆ ಮತ್ತು ಅದರ ನಿವಾರಣೆ

ಕೆಸುವಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಸೂಕ್ಷ್ಮ ಹರಳುಗಳಿರುತ್ತವೆ. ಎಲೆಯನ್ನು ಅಗಿದಾಗ ಇವು ನಾಲಗೆ ಮತ್ತು ಗಂಟಲಿನ ಮೃದು ಪೊರೆಗೆ ಚುಚ್ಚುತ್ತವೆ. ದನಕರುಗಳಿಂದಲೂ ಕೀಟಗಳಿಂದಲೂ ಗಿಡಕ್ಕೆ ಇದು ರಕ್ಷಣೆ. ದೀರ್ಘಕಾಲ ಬೇಯಿಸಿದಾಗ ತುರಿಕೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹುಣಸೆಯ ಹುಳಿ ಇದಕ್ಕೆ ಸಹಾಯಕವೆಂದು ಅಡುಗೆಯವರು ಅನುಭವದಿಂದ ಕಂಡುಕೊಂಡಿದ್ದಾರೆ. ಆದ್ದರಿಂದ ಬೇರೆ ಅಡುಗೆಗಳಿಗಿಂತ ಪತ್ರೊಡೆಯ ಹಿಟ್ಟಿಗೆ ಹುಳಿ ಹೆಚ್ಚು. ಪತ್ರೊಡೆ ತಿಂದು ಗಂಟಲು ತುರಿಸಿದರೆ ಎಲೆ ಸರಿಯಾಗಿ ಬೆಂದಿಲ್ಲ, ಹುಳಿ ಸಾಲದು ಅಥವಾ ಎಲೆಯ ಜಾತಿಯೇ ಬೇರೆ ಎಂದು ತಿಳಿಯಬೇಕು.

ಕೆಸುವಿನ ಎಲೆಯಲ್ಲಿ ನಾರು, ಕಬ್ಬಿಣ, ಕ್ಯಾಲ್ಸಿಯಂ ಮತ್ತು ಎ ಜೀವಸತ್ವದ ಮೂಲವಾದ ಬೀಟಾ ಕ್ಯಾರೊಟಿನ್ ಇವೆ. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯವು 2021ರಲ್ಲಿ ತನ್ನ ಸಾಂಪ್ರದಾಯಿಕ ಆಹಾರಗಳ ಪಟ್ಟಿಯಲ್ಲಿ ಪತ್ರೊಡೆಯನ್ನು ಸೇರಿಸಿತು. ಆದರೆ ಎಲೆಯಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ಇತರ ಪ್ರದೇಶಗಳ ಸುರುಳಿ ಖಾದ್ಯಗಳು

ಕೆಸುವಿನ ಎಲೆಯ ಸುರುಳಿ ಭಾರತದ ಹಲವೆಡೆ ಇದೆ. ಗುಜರಾತಿನಲ್ಲಿ ಪಾತ್ರಾ, ಮಹಾರಾಷ್ಟ್ರದಲ್ಲಿ ಅಳೂವಡಿ, ಹಿಮಾಚಲ ಪ್ರದೇಶದಲ್ಲಿ ಪತ್ರೋಡು ಎಂದು ಕರೆಯುವ ಖಾದ್ಯಗಳು ಪತ್ರೊಡೆಯ ಬಂಧುಗಳೇ. ಅಲ್ಲಿ ಅಕ್ಕಿಯ ಬದಲು ಕಡಲೆ ಹಿಟ್ಟನ್ನು ಬಳಸುತ್ತಾರೆ.

ಸುತ್ತಿ ಎಣ್ಣೆಯಲ್ಲಿ ಕಾಯಿಸುವ ಕ್ರಮ ಕೆಸು ಬಳಸದ ದೇಶಗಳ ಅಡುಗೆಯಲ್ಲಿಯೂ ಇದೆ. ಮೆಕ್ಸಿಕೊ ದೇಶದ ಫ್ಲೌಟಾ ಇದಕ್ಕೆ ಉದಾಹರಣೆ. ಸ್ಪ್ಯಾನಿಷ್ ಭಾಷೆಯಲ್ಲಿ ಫ್ಲೌಟಾ ಎಂದರೆ ಕೊಳಲು. ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಬೇಯಿಸಿ ಎಳೆ ಬಿಡಿಸಿದ ಕೋಳಿಮಾಂಸ ಅಥವಾ ಬೇರೆ ಹೂರಣವನ್ನಿಟ್ಟು, ಕೊಳಲಿನಂತೆ ಸಪೂರವಾಗಿ ಸುತ್ತಿ ಎಣ್ಣೆಯಲ್ಲಿ ಕರಿಯುತ್ತಾರೆ. ಜೋಳದ ಟೋರ್ಟಿಯಾ ಒಡೆಯದಿರಲೆಂದು ಸುತ್ತುವ ಮೊದಲು ಬಿಸಿ ಮಾಡಿ ಮೆತ್ತಗಾಗಿಸುತ್ತಾರೆ. ಇಲ್ಲಿ ಜೋಳವೆಂದರೆ ನಮ್ಮ ಮೆಕ್ಕೆಜೋಳ. ಕರಿದ ಸುರುಳಿಯ ಮೇಲೆ ಕೆನೆ, ಗಿಣ್ಣು ಮತ್ತು ಸಾಲ್ಸಾ ಎಂಬ ಖಾರದ ಚಟ್ನಿಯನ್ನು ಹಾಕಿ ಬಡಿಸುತ್ತಾರೆ.

ಎರಡರಲ್ಲಿಯೂ ಹೊರಪದರವನ್ನು ಮೊದಲು ಬಾಗುವಂತೆ ಮಾಡಿಕೊಂಡು ಬಿಗಿಯಾಗಿ ಸುತ್ತುವ ಕ್ರಮವಿದೆ. ಅಲ್ಲಿ ಬಿಸಿಯಿಂದ, ಇಲ್ಲಿ ನರ ಹೆರೆಯುವುದರಿಂದ. ಆದರೆ ಎಣ್ಣೆಯ ಕೆಲಸ ಬೇರೆ ಬೇರೆ. ಫ್ಲೌಟಾದ ರೊಟ್ಟಿಯೂ ಹೂರಣವೂ ಮೊದಲೇ ಬೆಂದಿರುವುದರಿಂದ ಇಡೀ ಸುರುಳಿಯನ್ನು ನೇರವಾಗಿ ಎಣ್ಣೆಗೆ ಬಿಡಬಹುದು. ಪತ್ರೊಡೆಯ ಸುರುಳಿ ದಪ್ಪ. ಅದರ ಎಲೆಯೂ ಹಿಟ್ಟೂ ಹಸಿಯಾಗಿರುತ್ತವೆ. ಅದನ್ನು ಹಾಗೆಯೇ ಎಣ್ಣೆಗೆ ಹಾಕಿದರೆ ಹೊರಗೆ ಕರಟಿ ಒಳಗಿನ ಎಲೆ ಬೇಯದೆ ಉಳಿಯುತ್ತದೆ, ತಿಂದವರಿಗೆ ಗಂಟಲು ತುರಿಸುತ್ತದೆ. ಪತ್ರೊಡೆಯನ್ನು ತಿನ್ನಲು ಯೋಗ್ಯವಾಗಿಸುವುದು ಹಬೆ. ಎಣ್ಣೆ ಕೊಡುವುದು ರುಚಿಯನ್ನು ಮಾತ್ರ.

ಇಂದಿನ ಸ್ಥಿತಿ

ಮಳೆಗಾಲದಲ್ಲಿ ಕರಾವಳಿಯ ಮಾರುಕಟ್ಟೆಗಳಲ್ಲಿ ಕೆಸುವಿನ ಎಲೆಗಳನ್ನು ಕಟ್ಟು ಕಟ್ಟಾಗಿ ಮಾರುತ್ತಾರೆ. ಕೆಲವು ಹೋಟೆಲುಗಳಲ್ಲಿ ಆ ದಿನಗಳಲ್ಲಿ ಪತ್ರೊಡೆ ದೊರೆಯುತ್ತದೆ. ಮುಂಬಯಿ, ಬೆಂಗಳೂರು ಮತ್ತು ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ಕರಾವಳಿಗರು ಅಲ್ಲಿ ಸಿಗುವ ಎಲೆಗಳಿಂದ ಇದನ್ನು ತಯಾರಿಸುತ್ತಾರೆ. ತೋಡಿನ ಬದಿಗಳಿಗೆ ಕಾಂಕ್ರೀಟು ಬಂದು, ಹಳೆಯ ಮರಗಳು ಉರುಳಿದಂತೆ ಕರಿಕೆಸು ಮತ್ತು ಮರಕೆಸು ಬೆಳೆಯುವ ಜಾಗ ಕಡಿಮೆಯಾಗುತ್ತಿದೆ. ತಯಾರಿಸುವ ವಿಧಾನವನ್ನು ಓದಿಯೂ ಕಲಿಯಬಹುದು. ತಿನ್ನುವ ಕೆಸುವನ್ನು ತುರಿಸುವ ಕೆಸುವಿನಿಂದ ಬೇರ್ಪಡಿಸಿ ಗುರುತಿಸಲು ಮಾತ್ರ ಗಿಡದ ಮುಂದೆ ನಿಂತು, ಬಲ್ಲವರಿಂದಲೇ ಕಲಿಯಬೇಕಾಗುತ್ತದೆ.