ಗಡಿಗೆ ಚೂರಿನಿಂದ ಡೀಸೆಲ್‌ವರೆಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮಕ್ಕಳಿಗೆ ಪಿಯು ರಸಾಯನಶಾಸ್ತ್ರ ಕಲಿಸುವುದು ನನ್ನ ಕೆಲಸ. ಕಬ್ಬಿನ ಹಂಗಾಮು ಶುರುವಾದರೆ ಹುಡುಗರ ಬಾಯಲ್ಲಿ ಟ್ರ್ಯಾಕ್ಟರ್ ಬಿಟ್ಟು ಬೇರೆ ಮಾತಿಲ್ಲ. "ಸರ, ಡೀಸೆಲ್ ನೆಲದಾಗಿಂದ ಸೀದಾ ಬರತೈತೇನ್ರಿ?" ಎಂದು ಒಬ್ಬ ಕೇಳಿದ.

ಇಲ್ಲ. ನೆಲದಿಂದ ಬರುವುದು ಕಚ್ಚಾತೈಲ. ಇಂಗಾಲ, ಜಲಜನಕ ಸೇರಿದ ಸಣ್ಣ-ದೊಡ್ಡ ಸರಪಳಿಗಳ ಮಿಶ್ರಣ. 3-4 ಇಂಗಾಲದ್ದು ಅಡುಗೆ ಅನಿಲ, 5ರಿಂದ 12ರವರೆಗಿನದು ಪೆಟ್ರೋಲ್, ಅದರಾಚೆ ಸುಮಾರು 20ರವರೆಗೆ ಡೀಸೆಲ್. ಬಟ್ಟಿ ಇಳಿಸಿದರೆ ಇವು ಬೇರೆಯಾಗುತ್ತವೆ. ಆದರೆ ಕೊನೆಗೆ ಉಳಿಯುವ ಮಂದ ಎಣ್ಣೆ ಬಹಳ, ಕೇಳುವವರು ಕಡಿಮೆ. ಆ ಉದ್ದ ಸರಪಳಿಗಳನ್ನು ಕಬ್ಬಿನ ಜಲ್ಲೆ ಕಡಿದಂತೆ ತುಂಡು ಮಾಡುವುದೇ ಕ್ರ್ಯಾಕಿಂಗ್. 16 ಇಂಗಾಲದ ಅಣು ನಡುವೆ ಮುರಿದರೆ 8 ಇಂಗಾಲದ ಎರಡು ಅಣು.

ಇದನ್ನು ಪ್ರಯೋಗಾಲಯದಲ್ಲೇ ತೋರಿಸಬಹುದು. ಪ್ರನಾಳದ ತಳಕ್ಕೆ ಲಿಕ್ವಿಡ್ ಪ್ಯಾರಾಫಿನ್ ಹೀರಿದ ಗ್ಲಾಸ್ ವೂಲ್, ನಡುವೆ ಒಡೆದ ಗಡಿಗೆಯ ಚೂರು. ಉರಿಯೆಲ್ಲ ಚೂರಿಗೆ, ಎಣ್ಣೆಗೆ ಆಗಾಗ ಸೋಕಿಸಿದರೆ ಸಾಕು. ಆವಿ ಕಾದ ಚೂರನ್ನು ದಾಟುವಾಗ ಮುರಿಯುತ್ತದೆ, ಪ್ರನಾಳದ ಬಾಯಿಂದ ನೀರಿಗೆ ಇಳಿಸಿದ ಕೊಳವೆಯ ತುದಿಯಲ್ಲಿ ಗುಳ್ಳೆ ಏಳುತ್ತದೆ. ಆ ಅನಿಲದೊಂದಿಗೆ ಬ್ರೋಮಿನ್ ನೀರು ಕುಲುಕಿದರೆ ಕಿತ್ತಳೆ ಬಣ್ಣ ಮಾಯ. ಮುರಿದ ತುಂಡುಗಳಿಗೆಲ್ಲ ಜಲಜನಕ ಸಾಲದೆ ಕೆಲವುಗಳಲ್ಲಿ ದ್ವಿಬಂಧ ಉಳಿಯುತ್ತದೆ. ಬ್ರೋಮಿನ್ ಹೋಗಿ ಸೇರುವುದು ಅಲ್ಲಿಗೆ. ಉರಿ ತೆಗೆಯುವ ಮೊದಲು ಕೊಳವೆಯನ್ನು ನೀರಿನಿಂದ ಎತ್ತಬೇಕು. ಮರೆತರೆ ತಣ್ಣೀರು ಒಳನುಗ್ಗಿ ಗಾಜು ಸಿಡಿಯುತ್ತದೆ.

ರಾಜ್ಯದಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆಯುವುದು ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಅದರದು. ಅಲ್ಲಿನ ಒಂದು ಘಟಕದಲ್ಲಿ 500 ಡಿಗ್ರಿಗೂ ಮೀರಿದ ಶಾಖದಲ್ಲಿ ಗಡಿಗೆ ಚೂರಿನ ಕೆಲಸವನ್ನು ಜಿಯೋಲೈಟ್ ಪುಡಿ ಮಾಡುತ್ತದೆ. ಅದರಿಂದ ಬರುವ ಪ್ರೊಪಿಲೀನ್ ಮುಂದೆ ಪಾಲಿಪ್ರೊಪಿಲೀನ್ ಆಗುತ್ತದೆ. ಗೊಬ್ಬರದ ಚೀಲ ನೇಯುವುದು ಅಂಥ ಪ್ಲಾಸ್ಟಿಕ್‌ನಿಂದಲೇ. ಇನ್ನೊಂದು ಹೈಡ್ರೋಕ್ರ್ಯಾಕರ್. ಇಲ್ಲಿ ಭಾರೀ ಒತ್ತಡದಲ್ಲಿ ಜಲಜನಕ ಕೊಟ್ಟೇ ಮುರಿಯುತ್ತಾರೆ. ದ್ವಿಬಂಧ ಉಳಿಯುವುದಿಲ್ಲ, ಗಂಧಕವೂ ಹೋಗುತ್ತದೆ. ಒಳ್ಳೆಯ ಡೀಸೆಲ್ ಸಿಗುತ್ತದೆ.

"ನಮ್ಮಲ್ಲೇ ಎಥೆನಾಲ್ ಮಾಡ್ತಾರಲ್ರಿ, ಟ್ರ್ಯಾಕ್ಟರಿಗೆ ಅದನ್ನ ಹಾಕಿದ್ರ?" ಎಂಬುದು ಮುಂದಿನ ಪ್ರಶ್ನೆ. ಸಮೀರವಾಡಿ, ಮುಧೋಳದ ಕಾರ್ಖಾನೆಗಳಲ್ಲಿ ಯೀಸ್ಟ್ ಕೂಡ ಸಕ್ಕರೆಯನ್ನು ಮುರಿದು 2 ಇಂಗಾಲದ ಎಥೆನಾಲ್ ಮಾಡುತ್ತದೆ, ನಮ್ಮ ಮೈಬಿಸಿಗಿಂತ ಕಡಿಮೆ ಶಾಖದಲ್ಲಿ. ಆದರೆ ಅದು ಬೆರೆಯುವುದು ಪೆಟ್ರೋಲಿಗೆ, ಶೇ 20ರವರೆಗೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಎಥೆನಾಲ್ ಹಾಗೆ ಸುಲಭವಾಗಿ ಹೊತ್ತುವುದಿಲ್ಲ. ಪೆಟ್ರೋಲಿಗೆ ಬೆರೆಯಲು ಹೊರಟ ಕಬ್ಬನ್ನು ಎಳೆಯುವುದಕ್ಕೂ ಸದ್ಯಕ್ಕೆ ಡೀಸೆಲ್ಲೇ ಬೇಕು.