ಗೋ-ಕಾರ್ಟು: ಕಲಿಯುವವರಿಗೂ ಕಳುಹಿಸುವವರಿಗೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಅಣ್ಣನವರ ಮೊಮ್ಮಗಳು, ಹದಿನಾಲ್ಕು ವರ್ಷದ ಹುಡುಗಿ, ಒಂದು ದಿನ ಬೆಳಗಿನ ಕಾಫಿಯ ಹೊತ್ತಿಗೆ ನಮ್ಮ ಬಳಿಗೆ ಬಂದು, "ಚಿಕ್ಕ ತಾತ, ನಾನು ಗೋ-ಕಾರ್ಟು ಓಡಿಸುವುದನ್ನು ಕಲಿಯಬೇಕು. ನೀವು ಅಪ್ಪನಿಗೆ ಒಂದು ಮಾತು ಹೇಳಿ, ಅಮ್ಮನಿಗೆ ಮಾತ್ರ ಹೇಳಬೇಡಿ" ಎಂದಳು. ಮೂವತ್ತಕ್ಕೂ ಮೇಲ್ಪಟ್ಟು ವರ್ಷಗಳ ಕಾಲ ಬಾಲಕರಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಮಗೆ ಗೋ-ಕಾರ್ಟೆಂದರೆ ಜಾತ್ರೆಯ ತಿರುಗುವ ತೊಟ್ಟಿಲಿನ ಜಾತಿಗೆ ಸೇರಿದ ಒಂದು ವಿನೋದವೆಂದಷ್ಟೇ ತಿಳಿದಿತ್ತು. ಆದರೂ "ಅಮ್ಮನಿಗೆ ಮರೆಮಾಡಿ ಕಲಿಯುವ ವಿದ್ಯೆ ನಮ್ಮ ಮನೆಯಲ್ಲಿ ಬೇಡ, ಎಲ್ಲರೂ ಹೋಗಿ ನೋಡಿ ಬರೋಣ" ಎಂದೆವು. ಅಂದಿನಿಂದ ಇಂದಿನವರೆಗೆ ಈ ವಿಷಯದಲ್ಲಿ ನೋಡಿಯೂ ಕೇಳಿಯೂ ಓದಿಯೂ, ಒಂದು ಸಲ ನಾಚಿಕೆಪಟ್ಟೂ, ನಾವು ತಿಳಿದುಕೊಂಡುದನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ಉಪಯುಕ್ತವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಈ ಗಾಡಿಯ ಜನ್ಮವೃತ್ತಾಂತ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತನು ಉಕ್ಕಿನ ಕೊಳವೆಗಳನ್ನು ಬೆಸೆದು ಒಂದು ಚೌಕಟ್ಟು ಮಾಡಿ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿದ್ದ ಸಣ್ಣ ಇಂಜನನ್ನು ಅದರ ಹಿಂಭಾಗದಲ್ಲಿ ಕೂರಿಸಿದನು. ಆತನು ಪಂದ್ಯದ ಕಾರುಗಳನ್ನು ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವನು. ಪಸಡೀನಾ ನಗರದ ರೋಸ್ ಬೌಲ್ ಕ್ರೀಡಾಂಗಣದ ಬಳಿ ವಾಹನಗಳು ನಿಲ್ಲುವ ಬಯಲಿನಲ್ಲಿ ಇದನ್ನು ಓಡಿಸಿದಾಗ ಕಂಡವರೆಲ್ಲರೂ ತಮಗೂ ಅಂಥದೊಂದು ಬೇಕೆಂದರು. ಕೆಲವೇ ವರ್ಷಗಳಲ್ಲಿ ಆ ಆಟ ಸಮುದ್ರವನ್ನು ದಾಟಿತು. 1962ರಲ್ಲಿ ಅದಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಸಮಿತಿ ಏರ್ಪಟ್ಟು, 1964ರಲ್ಲಿ ವಿಶ್ವ ಪ್ರಶಸ್ತಿಯ ಪಂದ್ಯ ನಡೆಯಿತು. ಬ್ರೆಜಿಲ್ ದೇಶದ ಆಯರ್ಟನ್ ಸೆನ್ನಾನಿಗೆ ನಾಲ್ಕು ವರ್ಷದ ಬಾಲ್ಯದಲ್ಲಿ ತಂದೆ ಮಾಡಿಸಿಕೊಟ್ಟುದೂ ಇಂಥ ಹುಲ್ಲು ಕತ್ತರಿಸುವ ಇಂಜನಿನ ಕಾರ್ಟೇ. ಬೆಂಗಳೂರಿನವರಾದ ಅರ್ಜುನ್ ಮೈನಿಯವರೂ ಕಾರ್ಟಿನಿಂದಲೇ ಪ್ರಾರಂಭಿಸಿ, 2018ರಲ್ಲಿ ಫಾರ್ಮುಲಾ 2 ಪಂದ್ಯಗಳವರೆಗೆ ಏರಿದರು. ಬೆಂಗಳೂರಿನ ಹೊರಗಿನ ಮೆಕೋ ಕಾರ್ಟೋಪಿಯಾ ಎಂಬ ಪಥದಲ್ಲಿ ರಾಷ್ಟ್ರೀಯ ಕಾರ್ಟ್ ಪಂದ್ಯಗಳ ಸುತ್ತುಗಳು ನಡೆದಿವೆ. ಆದುದರಿಂದ ಇದು ನಮಗೆ ದೂರದ ವಿಷಯವೇನೂ ಅಲ್ಲ.

ಗಾಡಿಯ ರಚನೆಯನ್ನು ಸ್ವಲ್ಪ ತಿಳಿದರೆ, ಮುಂದೆ ಹೇಳತಕ್ಕುದು ಸುಲಭವಾಗಿ ಅರ್ಥವಾಗುವುದು. ಕಾರ್ಟಿಗೆ ಮಾಡು ಇಲ್ಲ, ಬಾಗಿಲಿಲ್ಲ, ಕುಲುಕನ್ನು ನುಂಗುವ ಸ್ಪ್ರಿಂಗೂ ಇಲ್ಲ. ಬಲಗಾಲಿನ ಪೆಡಲಿನಿಂದ ವೇಗ, ಎಡಗಾಲಿನ ಪೆಡಲಿನಿಂದ ಬ್ರೇಕು. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿದ್ದು ಗಾಲಿಗಳೆರಡೂ ತಮ್ಮ ತಮ್ಮಷ್ಟಕ್ಕೆ ತಿರುಗುವುವು. ಆದುದರಿಂದ ತಿರುವಿನಲ್ಲಿ ಹೊರಗಡೆಯ ಗಾಲಿ ಹೆಚ್ಚು ಸುತ್ತಿದರೂ ಒಳಗಡೆಯದು ಕಡಮೆ ಸುತ್ತಿದರೂ ಬಾಧಕವಿಲ್ಲ. ಮೋಟಾರು ಕಾರಿನಲ್ಲಿ ಇದೇ ಅನುಕೂಲಕ್ಕಾಗಿ ಹಲ್ಲುಚಕ್ರಗಳ ಒಂದು ಏರ್ಪಾಡು ಇರುವುದು. ಕಾರ್ಟಿನಲ್ಲಿಯಾದರೋ ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಎರಡೂ ಸಮನಾಗಿಯೇ ಸುತ್ತಬೇಕು. ಹಾಗಿರುವಲ್ಲಿ ಗಾಡಿ ತಿರುಗುವುದು ಹೇಗೆ? ತಿರುವಿನಲ್ಲಿ ಭಾರ ಹೊರಮಗ್ಗುಲಿಗೆ ಸರಿದು, ಚೌಕಟ್ಟು ಕೊಂಚ ಬಾಗಿ, ಒಳಮಗ್ಗುಲಿನ ಹಿಂದಿನ ಚಕ್ರ ನೆಲದಿಂದ ಕೂದಲೆಳೆಯಷ್ಟು ಮೇಲೇಳುವುದು; ಆ ಕ್ಷಣದಲ್ಲಿ ಗಾಡಿ ಮೂರು ಚಕ್ರಗಳ ಮೇಲೆ ತಿರುಗುವುದು. ಸ್ಟಿಯರಿಂಗನ್ನು ಕಸಿದು ಎಳೆದರೆ ಇದು ನಡೆಯದು. ಮೃದುವಾಗಿ, ಒಂದೇ ಸಮನಾಗಿ ತಿರುಗಿಸಿದವನಿಗೆ ಮಾತ್ರ ಗಾಡಿ ವಶವಾಗುವುದು.

ಇಂಥ ಗಾಡಿಗಳಲ್ಲಿ ಎರಡು ಬಗೆ. ಬಾಡಿಗೆಗೆ ಕೊಡುವ ಕಾರ್ಟುಗಳಿಗೆ ಸುತ್ತಲೂ ಡಿಕ್ಕಿಯನ್ನು ತಡೆಯುವ ದಪ್ಪ ಕಟ್ಟು ಇರುವುದು. ಅವುಗಳ ವೇಗ ಸಾಮಾನ್ಯವಾಗಿ ಗಂಟೆಗೆ 40ರಿಂದ 60 ಕಿಲೋಮೀಟರು. ಪಂದ್ಯದ ಕಾರ್ಟುಗಳು ಬೇರೆ. ಆಸ್ಟ್ರಿಯಾ ದೇಶದ ರೋಟಾಕ್ಸ್ ಸಂಸ್ಥೆಯ 125 ಸಿಸಿ ಇಂಜನಿರುವ ದೊಡ್ಡವರ ಕಾರ್ಟು ಗಂಟೆಗೆ 100 ಕಿಲೋಮೀಟರನ್ನು ಮೀರಿ ಓಡುವುದು. ಪಂದ್ಯದ ಕಾರ್ಟಿಗೆ ಸೀಟುಪಟ್ಟಿ ಇರುವುದಿಲ್ಲ. ಮೇಲೆ ಕಾಪಾಡುವ ಕಮಾನಿಲ್ಲದಿರುವುದರಿಂದ, ಗಾಡಿ ಮಗುಚಿದರೆ ಚಾಲಕನು ಅದರ ಕೆಳಗೆ ಸಿಕ್ಕಿಕೊಳ್ಳದೆ ಹೊರಕ್ಕೆ ಬೀಳುವುದೇ ಲೇಸೆಂಬುದು ಇದರ ಕಾರಣ. ಬಾಡಿಗೆಯ ಕೆಲವು ಕಾರ್ಟುಗಳಿಗೆ ಕಮಾನೂ ಪಟ್ಟಿಯೂ ಎರಡೂ ಉಂಟು. ಇದ್ದಲ್ಲಿ ಪಟ್ಟಿಯನ್ನು ತಪ್ಪದೆ ಕಟ್ಟಿಕೊಳ್ಳತಕ್ಕದ್ದು.

ಇನ್ನು ನಮ್ಮ ನಾಚಿಕೆಯ ವಿಷಯ. ಮೊದಲನೆಯ ದಿನ ನಾವು ಹೋದ ಸ್ಥಳದಲ್ಲಿ ಹಣ ಕಟ್ಟಿ ಚೀಟಿ ಪಡೆದೆವು. ಅಲ್ಲಿದ್ದ ಹುಡುಗನೊಬ್ಬನು ನಮ್ಮ ಮೊಮ್ಮಗಳ ಕೈಗೆ ಒಂದು ಹೆಲ್ಮೆಟ್ಟನ್ನು ಕೊಟ್ಟು, ಗಾಡಿಯನ್ನು ತೋರಿಸಿ, ಇನ್ನೊಬ್ಬರ ಕಡೆಗೆ ತಿರುಗಿದನು. ಅವಳು ಹೆಲ್ಮೆಟ್ಟು ಹಾಕಿಕೊಂಡು ಕುಳಿತಳು. ಅವಳ ಉದ್ದನೆಯ ಜಡೆ ಹೆಲ್ಮೆಟ್ಟಿನ ಕೆಳಗಿನಿಂದ ಇಳಿದು ಸೀಟಿನ ಹಿಂದಕ್ಕೆ ತೂಗುತ್ತಿತ್ತು. ಅವಳ ತಾಯಿ ಅಂಗಳದ ಆಚೆ ನಿಂತಿದ್ದರು. ನಾವು ಪಕ್ಕದಲ್ಲಿಯೇ ನಿಂತಿದ್ದೆವು. ಜಡೆಯನ್ನು ಕಂಡೆವು, ಕಂಡರೂ ಏನೂ ತೋಚಲಿಲ್ಲ. ಹುಡುಗಿ ಚೆನ್ನಾಗಿ ಕಾಣುತ್ತಾಳೆಂದು ಸಂತೋಷವನ್ನೂ ಪಟ್ಟೆವೆಂದು ಹೇಳಲು ಈಗ ಮನಸ್ಸು ಹಿಂಜರಿಯುತ್ತದೆ. ಸರದಿಯಲ್ಲಿ ನಿಂತಿದ್ದ ಅಪರಿಚಿತ ಯುವತಿಯೊಬ್ಬಳು ಓಡಿ ಬಂದು, "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿ, ಹುಡುಗಿಯನ್ನು ಎಬ್ಬಿಸಿ, ಜಡೆಯನ್ನು ಸುತ್ತಿ, ತನ್ನ ಕರವಸ್ತ್ರದಿಂದ ಬಿಗಿದು, ಅಂಗಿಯ ಒಳಕ್ಕೆ ಸೇರಿಸಿದಳು. ಆಮೇಲೆ ನಮ್ಮ ಕಡೆಗೆ ತಿರುಗಿ, "ಅಂಕಲ್, ಹಿಂದೆ ಅಚ್ಚು ತಿರುಗುತ್ತೆ ನೋಡಿ" ಎಂದಷ್ಟೇ ಹೇಳಿ ತನ್ನ ಸರದಿಗೆ ಹಿಂದಿರುಗಿದಳು.

ಚಾಲಕನ ಬೆನ್ನಿನ ಹಿಂದೆ ಒಂದು ಗೇಣಿನಷ್ಟು ದೂರದಲ್ಲಿ ಅಚ್ಚೂ ಸರಪಣಿಯೂ ಬಹು ವೇಗದಿಂದ ಸುತ್ತುತ್ತಿರುವುವು. 2018ರಲ್ಲಿ ಹರಿಯಾಣದ ಪಿಂಜೋರಿನಲ್ಲಿಯೂ 2020ರಲ್ಲಿ ಹೈದರಾಬಾದಿನಲ್ಲಿಯೂ ಕೂದಲು ಕಾರ್ಟಿನ ಚಕ್ರಕ್ಕೆ ಸಿಕ್ಕಿ ಇಬ್ಬರು ಸ್ತ್ರೀಯರು ಪ್ರಾಣವನ್ನೇ ಕಳೆದುಕೊಂಡರು. ಮನೆಗೆ ಬಂದ ಮೇಲೆ ಇದನ್ನು ಓದಿದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮರುದಿನ ಹುಡುಗಿಯ ತಾಯಿಗೆ ನಡೆದುದನ್ನೆಲ್ಲ ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಬೇಡವೆಂದರೆ ಗೆಳತಿಯರ ಜೊತೆ ಹೋಗುತ್ತಾಳೆ, ಚಿಕ್ಕಮಾವ. ಹೋಗುವುದಾದರೆ ನಾವೆಲ್ಲ ತಿಳಿದುಕೊಂಡೇ ಕಳುಹಿಸೋಣ" ಎಂದರು. ಈ ಲೇಖನದ ಸಾರಾಂಶವೆಲ್ಲ ಆ ಒಂದು ಮಾತಿನಲ್ಲಿದೆ. ಬೇಡವೆನ್ನುವುದು ಸುಲಭ, ಹಣ ಕೊಟ್ಟು ಕಳುಹಿಸುವುದೂ ಸುಲಭ. ತಿಳಿದುಕೊಂಡು ಜೊತೆಯಲ್ಲಿ ನಿಲ್ಲುವುದೇ ಹಿರಿಯರ ಕರ್ತವ್ಯ.

ಹೊರಡುವ ಮುನ್ನ ನೋಡತಕ್ಕವು ಇವು. ಕೂದಲನ್ನು ಬಿಗಿಯಾಗಿ ಕಟ್ಟಿ, ಹೆಲ್ಮೆಟ್ಟಿನ ಅಥವಾ ಅಂಗಿಯ ಒಳಗೆ ಪೂರ್ತಿಯಾಗಿ ಸೇರಿಸಬೇಕು. ದುಪಟ್ಟಾ, ಸೆರಗು, ಶಾಲು, ಜೋಲುವ ದಾರ, ಕತ್ತಿನ ಸರ ಯಾವುದೂ ಕೂಡದು. ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ಟೇ ಆಗಬೇಕು. ಪಟ್ಟಿ ಕಟ್ಟಿದ ಮೇಲೆ ತಲೆಯಾಡಿಸಿದರೆ ಅದು ಅಲುಗಬಾರದು. ಕಾಲಿಗೆ ಮುಚ್ಚಿದ ಬೂಟು, ತುಂಬುತೋಳಿನ ಅಂಗಿ, ಉದ್ದನೆಯ ಷರಾಯಿ, ಕೈಗೆ ಗವಸು. ಹಿಂದಿನ ಅಚ್ಚಿಗೂ ಸರಪಣಿಗೂ ಮುಚ್ಚಳವುಂಟೇ, ಕುಳಿತವರ ಕಾಲು ಎರಡು ಪೆಡಲುಗಳನ್ನೂ ಪೂರ್ತಿಯಾಗಿ ಒತ್ತುವಷ್ಟು ಎಟಕುತ್ತದೆಯೇ ಎಂಬುದನ್ನು ಹಿರಿಯರು ಕಣ್ಣಾರೆ ನೋಡಬೇಕು. ಇವುಗಳಲ್ಲಿ ಒಂದು ಕಡಮೆಯಾದರೂ ಕೊಟ್ಟ ಹಣವನ್ನು ಮರೆತು ಹಿಂದಿರುಗುವುದೇ ಲೇಸು.

ಪಥದ ಮೇಲೆ ಬಾವುಟಗಳ ಭಾಷೆಯೊಂದುಂಟು. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಬೇಕು, ಯಾರನ್ನೂ ದಾಟಬಾರದು. ಕೆಂಪು ಕಂಡರೆ ಓಟ ನಿಂತಿತು. ನೀಲಿ ಕಂಡರೆ ಹಿಂದೆ ಹೆಚ್ಚು ವೇಗದವನು ಬರುತ್ತಿದ್ದಾನೆ. ಕಪ್ಪು ಬಿಳುಪಿನ ಚೌಕಳಿ ಕಂಡರೆ ಆಟ ಮುಗಿಯಿತು. ಗಾಡಿ ಸುತ್ತಿ ನಿಂತುಬಿಟ್ಟರೆ ಇಳಿಯಬಾರದು. ಕುಳಿತಲ್ಲಿಯೇ ಕೈಯೆತ್ತಿ ತೋರಿಸಿ, ಸಹಾಯಕರು ಬರುವವರೆಗೆ ಕಾಯಬೇಕು.

ಓಡಿಸುವ ಕ್ರಮವನ್ನು ಕುರಿತು ಒಂದೆರಡು ಮಾತು. ಸರದಿಯಲ್ಲಿ ನಿಂತಾಗ ಇಬ್ಬರು ಹುಡುಗರು ತಾವು ಬ್ರೇಕನ್ನು ಮುಟ್ಟುವುದೇ ಇಲ್ಲವೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಎರಡನೆಯ ತಿರುವಿನಲ್ಲಿಯೇ ಇಬ್ಬರೂ ಟೈರಿನ ಗೋಡೆಗೆ ಹೋಗಿ ತಗುಲಿದರು. ಉತ್ತರನ ಪೌರುಷ ಒಲೆಯ ಮುಂದೆ! ಈ ವಿದ್ಯೆಯಲ್ಲಿ ಮೊದಲನೆಯ ಪಾಠ ವೇಗವಲ್ಲ, ಬ್ರೇಕು. ತಿರುವಿಗೆ ಮುಂಚೆ, ಗಾಡಿ ನೆಟ್ಟಗೆ ಹೋಗುತ್ತಿರುವಾಗಲೇ, ವೇಗವನ್ನು ಇಳಿಸಿ ಮುಗಿಸಬೇಕು. ಸಾಮಾನ್ಯವಾಗಿ ಕಾರ್ಟಿನಲ್ಲಿ ಬ್ರೇಕು ಹಿಂದಿನ ಅಚ್ಚಿಗೆ ಮಾತ್ರ ಇರುವುದರಿಂದ, ತಿರುವಿನ ನಡುವೆ ಒತ್ತಿದರೆ ಹಿಂಭಾಗ ಜಾರಿ ಗಾಡಿ ಬುಗುರಿಯಂತೆ ಸುತ್ತುವುದು. ಎರಡು ಪೆಡಲುಗಳನ್ನು ಒಟ್ಟಿಗೆ ಎಂದಿಗೂ ಒತ್ತಬಾರದು.

ಎರಡನೆಯದು ದಾರಿ. ಪಥದ ಹೊರ ಅಂಚಿನಿಂದ ಹೊರಟು, ತಿರುವಿನ ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬರಬೇಕು. ಹೀಗೆ ಮಾಡಿದರೆ ತಿರುವು ವಿಶಾಲವಾಗುವುದು. ವರ್ತುಲದ ತ್ರಿಜ್ಯ ಎರಡರಷ್ಟಾದರೆ, ಟೈರಿನ ಹಿಡಿತ ಅಷ್ಟೇ ಇದ್ದರೂ, ಜಾರದೆ ಹೋಗಬಹುದಾದ ವೇಗ ಸುಮಾರು 1.4ರಷ್ಟಾಗುವುದೆಂದು ಗಣಿತವೇ ಹೇಳುವುದು. ಮೂರನೆಯದು ದೃಷ್ಟಿ. ಮುಂದಿನ ಗಾಡಿಯ ಬಾಲವನ್ನು ನೋಡದೆ, ತಾನು ತಲುಪಬೇಕಾದ ಸ್ಥಳವನ್ನು ನೋಡಬೇಕು. ಕೈ ಕಣ್ಣನ್ನು ಹಿಂಬಾಲಿಸುವುದು.

ಮೊಮ್ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ನಾವೂ ಒಂದು ದಿನ ಐದು ಸುತ್ತು ಓಡಿಸಿದೆವು. ನೆಲಕ್ಕೆ ಅಷ್ಟು ಹತ್ತಿರ ಕುಳಿತಾಗ ಮೂವತ್ತರ ವೇಗವೇ ಅರುವತ್ತರಂತೆ ತೋರುವುದು. ಇಳಿಯುವಾಗ ಮುಂಗೈಗಳು ನಡುಗುತ್ತಿದ್ದುವು. ಅಂದು ಎಲ್ಲರಿಗಿಂತ ಹಿಂದೆ ಉಳಿದವರು ನಾವೇ. ಆದರೆ ಪ್ರತಿ ಸುತ್ತಿನ ಕಾಲವನ್ನೂ ಬರೆದ ಚೀಟಿಯನ್ನು ಕೈಗಿತ್ತಾಗ, ನಮ್ಮ ಐದನೆಯ ಸುತ್ತು ಮೊದಲನೆಯದಕ್ಕಿಂತ ಸ್ವಲ್ಪ ಚುರುಕಾಗಿದ್ದುದನ್ನು ಕಂಡು ಬಾಲಕರಂತೆ ಹಿಗ್ಗಿದೆವು. ಈ ಶಾಲೆಯಲ್ಲಿ ಉತ್ತರಪತ್ರಿಕೆ ಕೂಡಲೇ ಕೈಸೇರುವುದು. ಅಂಕ ಕೊಡುವ ಮೇಷ್ಟರ ಮೇಲೆ ದೂರು ಹೇಳುವಂತಿಲ್ಲ.

ಕೊನೆಯದಾಗಿ ಹಣದ ವಿಚಾರ. ಆರು ತಿಂಗಳಾಗುವಷ್ಟರಲ್ಲಿ ಹುಡುಗಿಯ ತಂದೆ, ಮಗಳ ಉತ್ಸಾಹವನ್ನು ಕಂಡು, ಹಳೆಯದೊಂದು ಪಂದ್ಯದ ಕಾರ್ಟನ್ನು ಕೊಳ್ಳುವುದಕ್ಕೆ ಹೊರಟನು. ಅವಳ ಓದಿಗೆಂದು ಬ್ಯಾಂಕಿನಲ್ಲಿಟ್ಟಿದ್ದ ಹಣವನ್ನು ತೆಗೆಯುವ ಆಲೋಚನೆಯೂ ಇತ್ತು. ನಾವು ತಡೆದೆವು. ಆನೆಯನ್ನು ಕೊಳ್ಳುವುದಕ್ಕಿಂತ ಅದಕ್ಕೆ ಮೇವು ಹಾಕುವುದು ಕಷ್ಟ. ಟೈರುಗಳು ಬೇಗ ಸವೆಯುವುವು. ಇಂಜನನ್ನು ನಿಯತಕಾಲಕ್ಕೆ ಬಿಚ್ಚಿ ಸರಿಪಡಿಸಬೇಕು. ಮೆಕ್ಯಾನಿಕ್ಕು, ಇಂಧನ, ಸಾಗಾಟ, ಪ್ರವೇಶಶುಲ್ಕ ಎಲ್ಲವೂ ಬೇರೆ. ಏಳು ಬಾರಿ ವಿಶ್ವ ಪ್ರಶಸ್ತಿಯನ್ನು ಗೆದ್ದ ಲೂಯಿಸ್ ಹ್ಯಾಮಿಲ್ಟನ್ನನು ಎಂಟನೆಯ ವಯಸ್ಸಿನಲ್ಲಿ ಕಾರ್ಟು ಹತ್ತಿದಾಗ, ಆತನ ತಂದೆ ಆ ವೆಚ್ಚಕ್ಕಾಗಿ ಏಕಕಾಲದಲ್ಲಿ ಹಲವು ಕೆಲಸಗಳನ್ನು ಮಾಡಿದನು. ಗೆದ್ದವನ ತಂದೆಯ ಕಥೆಯನ್ನು ಎಲ್ಲರೂ ಹೇಳುವರು. ಗೆಲ್ಲದವರ ತಂದೆಗಳ ಕಥೆಯನ್ನು ಯಾರೂ ಬರೆಯುವುದಿಲ್ಲ.

ಆದುದರಿಂದ ನಮ್ಮ ಸಲಹೆ ಇದು. ಒಂದು ವರ್ಷ ಬಾಡಿಗೆಯ ಕಾರ್ಟಿನಲ್ಲಿಯೇ ಅಭ್ಯಾಸ ನಡೆಯಲಿ. ಒಂದೇ ಪಥಕ್ಕೆ ಮತ್ತೆ ಮತ್ತೆ ಹೋಗಿ, ಸುತ್ತಿನ ಕಾಲವನ್ನು ನೋಟುಪುಸ್ತಕದಲ್ಲಿ ಬರೆದಿಡಲಿ. ನೆಟ್ಟ ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿ ಗಟ್ಟಿಮಾಡುವ ಸ್ಥೂಣಾನಿಖನನ ನ್ಯಾಯ ಇಲ್ಲಿಯೂ ಸಲ್ಲುವುದು. ಆಮೇಲೂ ಆಸಕ್ತಿ ಉಳಿದರೆ, ಗಾಡಿ ಕೊಳ್ಳದೆ, ಗಾಡಿಯನ್ನೂ ಶಿಕ್ಷಣವನ್ನೂ ಒಟ್ಟಿಗೆ ಕೊಡುವ ತರಬೇತಿ ಶಾಲೆಯಲ್ಲಿ ಕೆಲವು ದಿನ ಕಲಿಯಲಿ. ರಾಷ್ಟ್ರೀಯ ಪಂದ್ಯಗಳಿಗೆ ಇಳಿಯುವ ಮನಸ್ಸಿದ್ದರೆ ಭಾರತದ ಮೋಟಾರು ಕ್ರೀಡಾ ಸಂಘಗಳ ಒಕ್ಕೂಟದಿಂದ ಪರವಾನಗಿ ಪಡೆಯಬೇಕಾಗುವುದು. ಅದರ ಯೋಚನೆ ಆಗ ಸಾಕು. ಪಂದ್ಯಕ್ಕೆ ಇಳಿಯದೆ ವಿನೋದಕ್ಕೆಂದೇ ಓಡಿಸುತ್ತಿದ್ದರೂ ನಷ್ಟವೇನೂ ಇಲ್ಲ.

ಅಣ್ಣನ ಮಗನು ನಮ್ಮ ಮಾತಿಗೆ ಒಪ್ಪಿದನು; ಬ್ಯಾಂಕಿನ ಹಣ ಬ್ಯಾಂಕಿನಲ್ಲಿಯೇ ಇದೆ. ಹುಡುಗಿ ತಿಂಗಳಿಗೊಂದು ಸಲ ಹೋಗುತ್ತಾಳೆ. ಅವಳ ತಾಯಿಯೋ ನಾವೋ ಜೊತೆಯಲ್ಲಿರುತ್ತೇವೆ. ಕಳೆದ ತಿಂಗಳು ಸರದಿಯಲ್ಲಿ ಅವಳ ಮುಂದೆ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ನಮ್ಮವಳು ಯಾರನ್ನೂ ಕೇಳದೆ ಅವಳ ಜಡೆಗಳನ್ನು ಸುತ್ತಿ ಕಟ್ಟಿ, ಹಿಂದೆ ನಿಂತಿದ್ದ ತಂದೆಗೆ ಅಚ್ಚನ್ನು ತೋರಿಸಿ ಏನೋ ಹೇಳುತ್ತಿದ್ದಳು. ಅಂದು ಅವಳ ಸುತ್ತಿನ ಕಾಲ ಎಷ್ಟೆಂಬುದನ್ನು ಕೇಳುವುದನ್ನೇ ನಾವು ಮರೆತೆವು.