ಊರ ಡೇರಿಯ ಹಾಲು ಶಾಲೆಯ ಲೋಟಕ್ಕೆ ಬಂದ ಕಥೆ

ಅರವತ್ತು ದಾಟಿದ ಹಲವರಿಗೆ ಸರ್ಕಾರಿ ಶಾಲೆಯ ‘ಕೇರ್’ ನೆರವು ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿಯ ರುಚಿ ಇನ್ನೂ ನೆನಪಿದೆ. ಆ ಪುಡಿ ಬರುತ್ತಿದ್ದುದು ಅಮೆರಿಕದಿಂದ. ತನ್ನ ರೈತರ ಬೆಲೆ ಬೀಳದಿರಲೆಂದು ಅಲ್ಲಿನ ಸರ್ಕಾರ ಹೆಚ್ಚುವರಿ ಉತ್ಪನ್ನವನ್ನು ತಾನೇ ಕೊಂಡು, ನಮ್ಮಂಥ ದೇಶಗಳಿಗೆ ನೆರವಾಗಿ ಕಳಿಸುತ್ತಿತ್ತು. ಮಕ್ಕಳ ಹೊಟ್ಟೆ ನಮ್ಮದು, ಬದುಕಿಕೊಂಡ ಹೈನುಗಾರ ಅಲ್ಲಿಯವನು. ಅದೇ ಉಪಾಯವನ್ನು ನಮ್ಮ ರೈತರಿಗಾಗಿ ನಾವೇ ಬಳಸಲು 2013 ಬರಬೇಕಾಯಿತು.

ಕರ್ನಾಟಕದಲ್ಲಿ ಸಹಕಾರಿ ಹೈನುಗಾರಿಕೆ ಬೇರೂರಿದ್ದು 1974ರಿಂದ ಈಚೆಗೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಾಗಿ ಶುರುವಾದದ್ದು ಮುಂದೆ ಕರ್ನಾಟಕ ಹಾಲು ಮಹಾಮಂಡಳವಾಯಿತು, ‘ನಂದಿನಿ’ ಮನೆಮಾತಾಯಿತು. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ ಎರಡು ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. 2013ರಲ್ಲಿ ಅದು ನಾಲ್ಕಾಯಿತು. ಮಳೆ ನೆಚ್ಚಿ ಕೂರಲಾಗದ ಜಿಲ್ಲೆಗಳಲ್ಲಿ ಜನ ಇನ್ನೊಂದು ಹಸು ಕಟ್ಟಿದರು. ಡೇರಿಗೆ ಹಾಲು ಹರಿದು ಬಂತು.

ಹಾಲು ಹೆಚ್ಚಾದರೆ ಕಷ್ಟವೂ ಹೆಚ್ಚು. ಹಸಿರು ಮೇವಿನ ಕಾಲದಲ್ಲಿ ಹಸು ಹೆಚ್ಚು ಕರೆಯುತ್ತದೆ, ಪೇಟೆಯಲ್ಲಿ ಕುಡಿಯುವವರು ಮಾತ್ರ ಅಷ್ಟೇ ಇರುತ್ತಾರೆ. ಸಹಕಾರ ಸಂಘವಾದ್ದರಿಂದ ‘ಇವತ್ತು ಹಾಲು ಬೇಡ’ ಎಂದು ಸದಸ್ಯರನ್ನು ವಾಪಸ್ ಕಳಿಸುವಂತಿಲ್ಲ. ಉಳಿದದ್ದನ್ನು ಪುಡಿ ಮಾಡಬೇಕು. ಪುಡಿ ಗೋದಾಮಿನಲ್ಲಿ ಕೂತರೆ ಒಕ್ಕೂಟದ ದುಡ್ಡೂ ಅಲ್ಲೇ ಕೂರುತ್ತದೆ, ರೈತರ ಬಟವಾಡೆಗೆ ಬಿಗಿಯಾಗುತ್ತದೆ.

ಇತ್ತ ಶಾಲೆಗಳಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂರುವ ಮಕ್ಕಳಿದ್ದರು. ಮಧ್ಯಾಹ್ನದ ಬಿಸಿಯೂಟದವರೆಗೆ ಅವರಿಗೆ ಏನೂ ಇರಲಿಲ್ಲ. ಈ ಎರಡು ತಾಪತ್ರಯಗಳನ್ನು ಒಂದಕ್ಕೊಂದು ಜೋಡಿಸಿದ್ದೇ, ಮಹಾಮಂಡಳದ ಪುಡಿ ಕೊಂಡು ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ. 2013ರ ಆಗಸ್ಟ್ 1ರಂದು ಸಿದ್ದರಾಮಯ್ಯ ಸರ್ಕಾರ ಇದನ್ನು ಆರಂಭಿಸಿತು. ಮೊದಲು ವಾರಕ್ಕೆ ಮೂರು ದಿನ, 2017ರಿಂದ ಐದು ದಿನ. ಶಾಲೆ, ಅಂಗನವಾಡಿ ಸೇರಿ ಸುಮಾರು ಒಂದು ಕೋಟಿ ಮಕ್ಕಳು ಇದರ ವ್ಯಾಪ್ತಿಗೆ ಬಂದರು.

ಅಡುಗೆಯವರ ಲೆಕ್ಕ ಸರಳ: ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, 10 ಗ್ರಾಂ ಸಕ್ಕರೆ, 150 ಮಿಲಿಲೀಟರ್ ಹಾಲು. ನೂರು ಮಕ್ಕಳಿದ್ದರೆ 1.8 ಕಿಲೋ ಪುಡಿ. ಉಗುರುಬೆಚ್ಚಗಿನ ನೀರಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಆಮೇಲೆ ಕಾಯಿಸಬೇಕು. ಕುದಿವ ನೀರಿಗೆ ಸುರಿದರೆ ಗಂಟು ಬಿಡಿಸುವುದರಲ್ಲೇ ಮೊದಲ ಪೀರಿಯಡ್ ಮುಗಿಯುತ್ತದೆ. ಈ ಪುಟ್ಟ ಅಳತೆಯನ್ನು ಕೋಟಿಯಿಂದ ಗುಣಿಸಿ ನೋಡಿ. ಒಂದು ದಿನಕ್ಕೆ 180 ಟನ್ ಪುಡಿ, ಅಂದರೆ ಹೆಚ್ಚುಕಡಿಮೆ 15 ಲಕ್ಷ ಲೀಟರ್ ಹಾಲು. ಇಷ್ಟು ದೊಡ್ಡ ಗಿರಾಕಿ ಬೇರೆ ಯಾರಿದ್ದಾರೆ?

ಸಾಮಾನ್ಯವಾಗಿ ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ. ರಾಜ್ಯದ ಸರ್ಕಾರಿ ಖರೀದಿಗಳ 1999ರ ಪಾರದರ್ಶಕತೆ ಕಾಯ್ದೆಯ ಕಲಂ 4(ಜಿ) ಅಡಿ ಟೆಂಡರ್ ಇಲ್ಲದೆ ಕೊಳ್ಳುವ ವಿನಾಯಿತಿಗೂ ಅವಕಾಶವಿದೆ. ಈ ವಿನಾಯಿತಿಯ ದುರುಪಯೋಗದ ಬಗ್ಗೆ ಎದ್ದಿರುವ ದೂರುಗಳು ಸುಳ್ಳಲ್ಲ. ಆದರೂ ಹಾಲಿನ ಪುಡಿಯ ವಿಷಯದಲ್ಲಿ ಅತಿ ಕಡಿಮೆ ಬೆಲೆಯೊಂದೇ ಅಳತೆಗೋಲಾಗಬಾರದು ಎಂಬುದು ನನ್ನ ಖಚಿತ ನಿಲುವು. ಹೊರಗಿನ ಅಗ್ಗದ ಪುಡಿಗೆ ಕೊಟ್ಟ ಹಣ ರಾಜ್ಯ ದಾಟಿ ಹೋಗುತ್ತದೆ. ಮಹಾಮಂಡಳಕ್ಕೆ ಕೊಟ್ಟದ್ದು ಬಟವಾಡೆಯಾಗಿ ಹಳ್ಳಿ ತಲುಪಿ, ಅಲ್ಲಿನ ಕಿರಾಣಿ ಅಂಗಡಿಯಲ್ಲಿ, ಹಿಂಡಿ-ಬೂಸಾ ಅಂಗಡಿಯಲ್ಲಿ ಖರ್ಚಾಗುತ್ತದೆ. ಬೆಳಗ್ಗೆ ಡೇರಿಗೆ ಹಾಲು ಹಾಕಿದ ತಾಯಿಯ ಮಗುವೇ ಶಾಲೆಯಲ್ಲಿ ಲೋಟ ಹಿಡಿದಿರುತ್ತದೆ.

ಲೋಪಗಳೂ ಸಣ್ಣವಲ್ಲ. ಮಕ್ಕಳ ಪಾಲಿನ ಪೊಟ್ಟಣಗಳು ಕಾಳಸಂತೆಯಲ್ಲಿ ಸಿಕ್ಕಿಬಿದ್ದಿವೆ. ರೈತರ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬಿದ್ದದ್ದಿದೆ. ಹಾಲು ಕಡಿಮೆಯಾದ ವರ್ಷ ಶಾಲೆಗೆ ಪುಡಿ ತಡವಾದದ್ದೂ ಇದೆ. ಉಳಿದದ್ದನ್ನು ಮಾತ್ರ ಮಕ್ಕಳಿಗೆ ಕೊಡುವ ಯೋಚನೆ ಇರುವವರೆಗೆ ಈ ಕೊನೆಯ ತೊಂದರೆ ತಪ್ಪದು.

ದಾರಿ ಹಾಲಿಗಷ್ಟೇ ನಿಲ್ಲಬೇಕಿಲ್ಲ. ಬ್ರೆಜಿಲ್ 2009ರ ಕಾನೂನಿನಲ್ಲಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದಲೇ ಖರೀದಿಗೆ ಬಳಸಬೇಕೆಂದು ಬರೆದಿಟ್ಟಿತು. ನಮ್ಮಲ್ಲಿ ಬೆಂಬಲ ಬೆಲೆಗೆ ಕೊಂಡ ರಾಗಿ ಪಡಿತರದಲ್ಲಿ ಸಿಗುತ್ತಿದೆ, 2024ರಿಂದ ಶಾಲೆಯ ಹಾಲಿಗೆ ರಾಗಿ ಮಾಲ್ಟ್ ಕೂಡ ಸೇರಿದೆ. ಬಿಸಿಯೂಟದ ಬೇಳೆ, ತರಕಾರಿಯಲ್ಲೂ ಇಂತಿಷ್ಟು ಪಾಲು ಆಯಾ ತಾಲ್ಲೂಕಿನ ರೈತರದ್ದೇ ಇರಬೇಕೆಂದು ಸರ್ಕಾರ ಕಾನೂನು ಮಾಡಲಿ, ಪೂರೈಸಿದವರ ಹಣವನ್ನು ಗಡುವಿನೊಳಗೆ ಪಾವತಿಸಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ಪೋಷಕರು ದಾಸ್ತಾನು ಪುಸ್ತಕವನ್ನು ತಿಂಗಳಿಗೊಮ್ಮೆಯಾದರೂ ತೆರೆಸಿ ನೋಡಲಿ.